ಆಟಗಾರನ ವೇತನ: ಹಾಕಿಯ ಸಂಬಳವ್ಯಾಜ್ಯಗಳ ಇತಿವೃತ್ತ

ದುಡಿದವನಿಗೆ ಸಲ್ಲತಕ್ಕ ಕೂಲಿ ಸಲ್ಲದೆ ಹೋಗುವದು, ಕೂಲಿಗೆ ಒಪ್ಪಿಕೊಂಡವನು ದುಡಿಯದೆ ಕುಳಿತುಬಿಡುವದು, ಈ ಎರಡು ವ್ಯಾಜ್ಯಗಳು ಮನುಷ್ಯಸಮಾಜದಷ್ಟೇ ಹಳೆಯವು. ಮನುಸ್ಮೃತಿಯು ರಾಜಸಭೆಗೆ ಬರುವ ವಿವಾದಗಳನ್ನು ಹದಿನೆಂಟು ವ್ಯವಹಾರಪದಗಳಾಗಿ ವಿಂಗಡಿಸಿ, ವೇತನವನ್ನು ಕೊಡದಿರುವದನ್ನು ಅವುಗಳಲ್ಲಿ ಆರನೆಯದಾಗಿ ಎಣಿಸಿದೆ. ನಾರದಸ್ಮೃತಿಯಲ್ಲಿಯೂ ಅದಕ್ಕೆ ಆರನೆಯ ಸ್ಥಾನವೇ. ಅಲ್ಲಿ ಅದರ ಹೆಸರು 'ವೇತನಸ್ಯಾನಪಾಕರ್ಮ'. ಅದರ ಹಿಂದಿನ ಐದನೆಯ ಪದವು 'ಅಭ್ಯುಪೇತ್ಯಾಶುಶ್ರೂಷಾ', ಎಂದರೆ ಸೇವೆಗೆ ಒಪ್ಪಿಕೊಂಡು ಬಳಿಕ ಅದನ್ನು ಮಾಡದಿರುವದು. ಸೇವಕನ ತಪ್ಪನ್ನೂ ಒಡೆಯನ ತಪ್ಪನ್ನೂ ಸ್ಮೃತಿಕಾರನು ಹೀಗೆ ನೆರೆಹೊರೆಯಲ್ಲಿರಿಸಿದ್ದು ಅರ್ಥಗರ್ಭಿತವಾಗಿದೆ. ಯಾಕಂದರೆ ಲೋಕವ್ಯವಹಾರದಲ್ಲಿ ಇವೆರಡೂ ಹೆಣೆದುಕೊಂಡೇ ಬರುವವು. 'ಇವನು ಕೆಲಸ ಬಿಟ್ಟನು' ಎಂದು ಒಬ್ಬನೂ, 'ಇವನು ಪಗಾರ ಕೊಡಲಿಲ್ಲ' ಎಂದು ಇನ್ನೊಬ್ಬನೂ ದೂರುವಾಗ, ಒಪ್ಪಂದವೇನಿತ್ತು, ಮೊದಲು ತಪ್ಪಿದವರಾರು ಎಂಬುದನ್ನು ಶೋಧಿಸುವದೇ ನ್ಯಾಯದ ಕೆಲಸ.

ಹಾವೇರಿ ಸೀಮೆಯ ಜನರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿಯ ಚೀಲಗಳನ್ನು ತಂದ ಒಕ್ಕಲಿಗನು ದಲಾಲರ ಅಂಗಡಿಯ ಮುಂದೆ ಟೆಂಡರಿನ ದರಕ್ಕಾಗಿ ಕಾಯುವನು. ದರವು ಮನಸ್ಸಿಗೆ ಬಾರದಿದ್ದರೆ ಮಾಲನ್ನು ಕೊಡದೆ ಹಿಡಿದಿಡುವನು. ರಾಣೇಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಬೀಜದ ಕಂಪನಿಗಳಿಗಾಗಿ ಬೆಳೆಯುವವರು ಬಿತ್ತುವದಕ್ಕಿಂತ ಮೊದಲೇ ಕರಾರು ಮಾಡಿಕೊಳ್ಳುವರು. ಹಾವೇರಿಯಲ್ಲಿ ಏಲಕ್ಕಿಯ ಹಾರವನ್ನು ಕಟ್ಟುವವನ ಕೆಲಸಕ್ಕೆ ಏಲಕ್ಕಿಯ ತೂಕವೊಂದರಿಂದಲೇ ಬೆಲೆ ಕಟ್ಟಲಾಗದು. ಕಟ್ಟಿದ ಕೈಯ ನೈಪುಣ್ಯವನ್ನೂ ನೋಡಬೇಕಾಗುವದು. ದರ ಬರುವ ತನಕ ಹಿಡಿದಿಡುವ ಹಕ್ಕು, ಮುಂಗಡದ ಕರಾರು, ಕುಶಲತೆಯ ಬೆಲೆ, ಈ ಮೂರೂ ಕೂಡಿದಲ್ಲಿ ವೃತ್ತಿ ಆಟಗಾರನ ಸಂಬಳದ ಪ್ರಶ್ನೆ ಹುಟ್ಟುವದು. ಆದರೆ ಒಂದು ಭೇದವುಂಟು. ಮಾರದೆ ಉಳಿದ ಮೆಣಸಿನಕಾಯಿಯನ್ನು ಬ್ಯಾಡಗಿಯ ಶೀತಗೃಹಗಳಲ್ಲಿ ತಿಂಗಳಾನುಗಟ್ಟಲೆ ಇಡಬಹುದು. ಆಟಗಾರನ ಮೈಬಲವನ್ನು ಯಾವ ಶೀತಗೃಹದಲ್ಲಿಯೂ ಇಡಲಾಗದು. ಇಪ್ಪತ್ತರಿಂದ ಮೂವತ್ತು ಮೂವತ್ತೆರಡರ ವರೆಗಿನ ಹತ್ತು ಹನ್ನೆರಡು ವರ್ಷಗಳೇ ಅವನ ಸುಗ್ಗಿ. ಆಡದೆ ಕಳೆದ ವರ್ಷವು ಮತ್ತೆ ಬಾರದು. ಆದುದರಿಂದ ಆಟಗಾರನು 'ಆಡಲೊಲ್ಲೆ' ಎಂದು ಕುಳಿತಾಗ ಅವನು ಪಣಕ್ಕೊಡ್ಡುವದು ಬರಿಯ ಹಣವನ್ನಲ್ಲ, ಆಯುಷ್ಯದ ಒಂದು ಭಾಗವನ್ನೇ.

'ಆಟವೆಂದರೆ ವಿನೋದ, ವಿನೋದಕ್ಕೆ ಕೂಲಿಯೇಕೆ?' ಎಂದು ಕೇಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಇದಕ್ಕೆ ಉತ್ತರವನ್ನು ಕೌಟಿಲ್ಯನು ಬಹು ಹಿಂದೆಯೇ ಕೊಟ್ಟಿರುವನು. ಅವನ ಅರ್ಥಶಾಸ್ತ್ರದ ತಾಳೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಕಂಡುಹಿಡಿದು ೧೯೦೯ರಲ್ಲಿ ಅಚ್ಚುಹಾಕಿಸಿದ್ದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ಶಿಲ್ಪಿ, ವೈದ್ಯ ಮೊದಲಾದವರ ಸಾಲಿನಲ್ಲಿಯೇ ಕುಶೀಲವರನ್ನು, ಎಂದರೆ ಜನರಂಜನೆಯಿಂದ ಜೀವಿಸುವ ನಟಗಾಯಕರನ್ನು ಸೇರಿಸಿ, ಇಂಥವರಿಗೆ ಆ ತರಗತಿಯ ಇತರರಿಗೆ ಸಲ್ಲುವಂತೆ ಅಥವಾ ಕುಶಲರಾದವರು ನಿರ್ಣಯಿಸಿದಂತೆ ವೇತನವು ಸಲ್ಲಬೇಕೆಂದು ವಿಧಿಸಿದೆ. ವೇತನವನ್ನು ಕೊಡದವನಿಗೆ ದಂಡವುಂಟು. ವೇತನವನ್ನು ತೆಗೆದುಕೊಂಡು ಕೆಲಸ ಮಾಡದವನಿಗೆ ಹನ್ನೆರಡು ಪಣಗಳ ದಂಡವುಂಟು. ಗುಂಪಾಗಿ ದುಡಿಯುವ ಸಂಘಭೃತರು ಬಂದ ವೇತನವನ್ನು ಮೊದಲು ಮಾತಾಡಿಕೊಂಡಂತೆ, ಇಲ್ಲವೆ ಸಮಸಮವಾಗಿ ಹಂಚಿಕೊಳ್ಳತಕ್ಕದ್ದು. ಯಾಜ್ಞವಲ್ಕ್ಯಸ್ಮೃತಿಯೂ, ಚಾಲುಕ್ಯರ ಕಲ್ಯಾಣದಲ್ಲಿದ್ದು ಅದಕ್ಕೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನೂ ಈ ಪ್ರಕರಣವನ್ನು ವಿಸ್ತರಿಸಿದ್ದಾರೆ: ವೇತನವನ್ನು ಪಡೆದು ಕೆಲಸವನ್ನು ಬಿಟ್ಟವನು ಅದರ ಇಮ್ಮಡಿಯನ್ನು ತೆರಬೇಕು, ಪಡೆಯದೆ ಬಿಟ್ಟವನು ಅಷ್ಟನ್ನೇ ತೆರಬೇಕು. ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಹಾಕಿಯ ವ್ಯಾಜ್ಯಗಳ ಚರಿತ್ರೆಯು ಸುಲಭವಾಗಿ ತಿಳಿಯುವದು.

ಹಾಕಿಯು ಹೊಟ್ಟೆಯ ವೃತ್ತಿಯಾಗಿ ಬೆಳೆದದ್ದು ಭಾರತದಲ್ಲಲ್ಲ, ಕೆನಡಾ ದೇಶದಲ್ಲಿ. ಅಲ್ಲಿಯ ಹಾಕಿಯು ಹುಲ್ಲಿನ ಬಯಲಿನದಲ್ಲ. ಹೆಪ್ಪುಗಟ್ಟಿದ ನೀರಿನ ಮೇಲೆ ಉಕ್ಕಿನ ಅಲಗಿನ ಪಾದರಕ್ಷೆಗಳನ್ನು ತೊಟ್ಟು ಜಾರುತ್ತ ಆಡುವ ಆಟ. ೧೯೧೭ರಲ್ಲಿ ಅಲ್ಲಿ ನ್ಯಾಶನಲ್ ಹಾಕಿ ಲೀಗ್ ಎಂಬ ಕೂಟವು ಸ್ಥಾಪನೆಯಾಯಿತು. ತಂಡಗಳಿಗೆ ಒಡೆಯರಿದ್ದರು, ಆಟಗಾರರು ಸಂಬಳಕ್ಕೆ ದುಡಿಯುವವರು. ೧೯೨೪-೨೫ರ ಹಂಗಾಮಿನಲ್ಲಿ ಹ್ಯಾಮಿಲ್ಟನ್ ನಗರದ 'ಟೈಗರ್ಸ್' ತಂಡವು ಎಲ್ಲರಿಗಿಂತ ಮುಂದೆ ನಿಂತಿತು. ಆ ವರ್ಷ ಪ್ರತಿ ತಂಡವು ಆಡಬೇಕಾದ ಪಂದ್ಯಗಳ ಸಂಖ್ಯೆಯನ್ನು ೨೪ರಿಂದ ೩೦ಕ್ಕೆ ಏರಿಸಿದ್ದರು. ಸಂಬಳವು ಮಾತ್ರ ಏರಿರಲಿಲ್ಲ. ಹೆಚ್ಚಿನ ದುಡಿಮೆಗೆ ತಲೆಗೆ ೨೦೦ ಡಾಲರು ಕೊಡದ ಹೊರತು ಅಂತಿಮ ಸ್ಪರ್ಧೆಗೆ ಇಳಿಯಲಾರೆವೆಂದು ಆಟಗಾರರೆಲ್ಲರೂ ಒಕ್ಕೊರಲಿನಿಂದ ಹೇಳಿದರು. ಶಾರ್ಟಿ ಗ್ರೀನ್ ಎಂಬವನು ಅವರ ಮುಖವಾಣಿಯಾಗಿದ್ದನು. ಲೀಗಿನ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರನು ಈ ಮಾತಿಗೆ ಕಿವಿಗೊಡಲಿಲ್ಲ. ಅವನು ತಂಡವನ್ನು ಸ್ಪರ್ಧೆಯಿಂದ ತೆಗೆದುಹಾಕಿ, ಆಟಗಾರರು ಬೇಡಿದ ಆ ೨೦೦ ಡಾಲರನ್ನೇ ಅವರಿಗೆ ದಂಡವಾಗಿ ವಿಧಿಸಿದನು. ಬಳಿಕ ಆಟಗಾರರನ್ನು ೭೫,೦೦೦ ಡಾಲರಿಗೆ ನ್ಯೂಯಾರ್ಕಿನ ಹೊಸ ತಂಡಕ್ಕೆ ಮಾರಲಾಯಿತು. ಅಲ್ಲಿ ಕೆಲವರ ಸಂಬಳವೇನೋ ಏರಿತು; ಆದರೆ ಹ್ಯಾಮಿಲ್ಟನ್ ನಗರವು ತನ್ನ ತಂಡವನ್ನು ಶಾಶ್ವತವಾಗಿ ಕಳೆದುಕೊಂಡಿತು.

ಇಲ್ಲಿ ವಿಚಾರಕ್ಕೆ ಬರುವ ಸಂಗತಿಯೊಂದಿದೆ. ಹ್ಯಾಮಿಲ್ಟನ್ನಿನವರಿಗೆ ಕರಾರು ಇತ್ತು. ಆದರೆ ಅದರ ಕಟ್ಟು ಒಂದೇ ಕಡೆಗೆ ಬಿಗಿಯಾಗಿತ್ತು. ಕರಾರಿನ ಅವಧಿ ಮುಗಿದ ಮೇಲೆಯೂ ಆಟಗಾರನ ಮೇಲಿನ ಹಕ್ಕು ಹಳೆಯ ಒಡೆಯನದೇ ಆಗಿರುವದು ಅಲ್ಲಿಯ ಅಂದಿನ ಪದ್ಧತಿಯಾಗಿತ್ತು. ಅವನು ಮತ್ತೊಂದು ತಂಡಕ್ಕೆ ತಾನಾಗಿ ಹೋಗುವಂತಿರಲಿಲ್ಲ. ಆದರೆ ಒಡೆಯನು ಅವನನ್ನು ಮಾರಬಹುದಾಗಿತ್ತು. ಹೀಗಿರಲು ಸಂಬಳದ ಚೌಕಾಸಿಯಲ್ಲಿ ಆಟಗಾರನ ಕೈಯಲ್ಲಿ ಉಳಿಯುತ್ತಿದ್ದುದು ಒಂದೇ ಆಯುಧ: ಆಡದೆ ಮನೆಯಲ್ಲಿ ಕುಳಿತಿರುವದು. ಈ ಅಸಮತೆಯನ್ನು ತಿದ್ದಬೇಕೆಂದು ೧೯೫೭ರಲ್ಲಿ ಡೆಟ್ರಾಯಿಟ್ ತಂಡದ ಟೆಡ್ ಲಿಂಡ್ಸೆಯು ಆಟಗಾರರ ಸಂಘವನ್ನು ಕಟ್ಟಹೊರಟನು. ಆಟದಲ್ಲಿ ಅವನಿಗೆ ಅದು ಅತ್ಯುತ್ತಮ ವರ್ಷಗಳಲ್ಲೊಂದು. ಆದರೂ ಅದೇ ವರ್ಷ ಅವನನ್ನು ಚಿಕಾಗೋ ತಂಡಕ್ಕೆ ಸಾಗಹಾಕಿದರು, ಸಂಘವೂ ಬೇಗನೆ ಕರಗಿತು. ಹತ್ತು ವರ್ಷಗಳ ಬಳಿಕ, ೧೯೬೭ರಲ್ಲಿ ಅಲನ್ ಈಗಲ್ಸನ್ ಎಂಬ ವಕೀಲನ ನೇತೃತ್ವದಲ್ಲಿ ಸಂಘವು ನೆಲೆನಿಂತಿತು. ಆಟಗಾರರ ಪಾಲಕನೆನಿಸಿಕೊಂಡ ಈ ವಕೀಲನೇ ವಂಚನೆಯ ಆರೋಪಗಳನ್ನು ೧೯೯೮ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ಆ ಚರಿತ್ರೆಯ ದುಃಖದ ಅಧ್ಯಾಯ. ಒಡೆಯನನ್ನು ಮಾತ್ರವಲ್ಲ, ಪ್ರತಿನಿಧಿಯನ್ನೂ ಲೆಕ್ಕ ಕೇಳುತ್ತಿರಬೇಕೆಂಬ ಪಾಠವು ಅದರಿಂದ ದೊರೆಯಿತು.

ಏಕಾಕಿಯಾಗಿ ಆಟವನ್ನು ಬಿಟ್ಟು ನಿಂತವರಲ್ಲಿ ಇಬ್ಬರ ಕಥೆಯನ್ನು ಹೋಲಿಸಿ ನೋಡಬೇಕು. ಮಾಂಟ್ರಿಯಲ್ ತಂಡದ ಗೋಲಿಯಾಗಿದ್ದ ಕೆನ್ ಡ್ರೈಡನನು ೧೯೭೩ರಲ್ಲಿ ತನಗೆ ಸಲ್ಲುವ ಸಂಬಳವು ಯೋಗ್ಯತೆಗೆ ಕಡಿಮೆಯೆಂದು ಹೇಳಿ, ಒಂದು ವರ್ಷ ಆಟವನ್ನೇ ಬಿಟ್ಟು ಟೊರಾಂಟೋ ನಗರದ ವಕೀಲರ ಕಚೇರಿಯಲ್ಲಿ ಕಾನೂನಿನ ಉಮೇದವಾರಿ ಮಾಡಿದನು. ಮರುವರ್ಷ ತಂಡಕ್ಕೆ ಮರಳಿ, ೧೯೭೬ರಿಂದ ೧೯೭೯ರ ವರೆಗೆ ಸಾಲಾಗಿ ನಾಲ್ಕು ಸಲ ಸ್ಟ್ಯಾನ್ಲಿ ಕಪ್ಪನ್ನು ಗೆದ್ದ ತಂಡದ ಆಧಾರಸ್ತಂಭವಾದನು. ಇನ್ನೊಬ್ಬನು ಒಟ್ಟಾವಾ ತಂಡದ ನಾಯಕ ಅಲೆಕ್ಸೈ ಯಾಶಿನ್. ಅವನ ಕರಾರಿನಲ್ಲಿ ಇನ್ನೂ ಒಂದು ವರ್ಷ ಉಳಿದಿರುವಾಗಲೇ ಹೆಚ್ಚಿನ ಸಂಬಳವನ್ನು ಬೇಡಿ ೧೯೯೯-೨೦೦೦ದ ಹಂಗಾಮನ್ನು ಆಡದೆ ಕಳೆದನು. ಪ್ರಕರಣವು ಪಂಚಾಯತಿಗೆ ಹೋಯಿತು. ಆಡದೆ ಕಳೆದ ಆ ವರ್ಷವನ್ನು ತಂಡಕ್ಕೆ ಆಡಿಯೇ ತೀರಿಸಬೇಕೆಂದು ನಿರ್ಣಯವಾಗಿ, ಅವನು ಮುಂದಿನ ವರ್ಷ ಹಳೆಯ ಕರಾರಿನ ಮೇಲೆಯೇ ಆಡಬೇಕಾಯಿತು. ಡ್ರೈಡನನಿಗೆ ಬದುಕಲು ಬೇರೊಂದು ವಿದ್ಯೆಯಿದ್ದಿತು, ಆದುದರಿಂದ ಅವನ ಹಟವು ನಡೆಯಿತು. ಯಾಶಿನನು ಕೊಟ್ಟ ಮಾತು ಇನ್ನೂ ಬಾಕಿಯಿತ್ತು, ಆದುದರಿಂದ ಅವನ ಹಟವು ಮುರಿಯಿತು. ಕೆಲಸ ಬಿಟ್ಟವನು ತೆರಬೇಕೆಂಬ ಯಾಜ್ಞವಲ್ಕ್ಯನ ನಿಯಮವೇ ಒಟ್ಟಾವಾದಲ್ಲಿ ಬೇರೊಂದು ರೂಪದಿಂದ ನಡೆಯಿತೆನ್ನಬಹುದು. ಆ ಲೀಗಿನಲ್ಲಿ ಈಗ ಕೆಲವು ಸಂಬಳವಿವಾದಗಳನ್ನು ಮಧ್ಯಸ್ಥರು ಕೇಳಿ, ಸರಿಸಮಾನ ಆಟಗಾರರ ಸಂಬಳವನ್ನು ತೂಗಿನೋಡಿ ತೀರ್ಪು ಕೊಡುವ ಪದ್ಧತಿಯಿದೆ. ಇದು ಕುಶೀಲವರ ವಿಷಯದಲ್ಲಿ ಕೌಟಿಲ್ಯನು ಹೇಳಿದ ಕ್ರಮಕ್ಕೆ ಬಹಳ ಸಮೀಪದ್ದು. ಹಾಗೆಂದು ಅಲ್ಲಿ ಜಗಳಗಳು ತೀರಿದವೆಂದಲ್ಲ. ಒಟ್ಟು ಸಂಬಳಕ್ಕೆ ಮಿತಿ ಹಾಕುವ ವಿಷಯದಲ್ಲಿ ಒಡೆಯರಿಗೂ ಸಂಘಕ್ಕೂ ಸರಿಹೋಗದೆ ೨೦೦೪-೦೫ರ ಇಡೀ ಹಂಗಾಮೇ ರದ್ದಾಯಿತು.

ಇನ್ನು ನಮ್ಮ ದೇಶಕ್ಕೆ ಬಂದರೆ ಚಿತ್ರವು ತೀರ ಬೇರೆ. ಕೆನಡಾದಲ್ಲಿ ಕರಾರು ಅತಿಯಾಗಿ ಬಿಗಿದದ್ದು ಜಗಳಕ್ಕೆ ಕಾರಣವಾದರೆ, ಭಾರತದಲ್ಲಿ ಕರಾರೇ ಇಲ್ಲದ್ದು ಕಾರಣವಾಯಿತು. ೧೯೨೮ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಕಿನಿಂದ ೧೯೫೬ರ ಮೆಲ್ಬರ್ನ್ ಒಲಿಂಪಿಕ್ಕಿನ ವರೆಗೆ ಭಾರತವು ಸಾಲಾಗಿ ಆರು ಸಲ ಸುವರ್ಣಪದಕವನ್ನು ಗೆದ್ದಿತು. ಆ ಗೆಲುವುಗಳ ಕಾಲದಲ್ಲಿ ಆಟಕ್ಕಾಗಿ ಸಂಬಳವೆಂಬುದೇ ಇರಲಿಲ್ಲ. ಧ್ಯಾನಚಂದರು ಸೈನ್ಯದ ಸಿಪಾಯಿ. ೧೯೨೬ರ ನ್ಯೂಜಿಲೆಂಡ್ ಪ್ರವಾಸದಲ್ಲಿ ಗೋಲುಗಳ ಮಳೆಗರೆದು ಬಂದುದಕ್ಕೆ ದೊರೆತ ಫಲವೆಂದರೆ ಲ್ಯಾನ್ಸ್ ನಾಯಕನ ಬಡತಿ. ೧೯೩೨ರಲ್ಲಿ ಲಾಸ್ ಏಂಜಲೀಸಿಗೆ ಹೋದ ತಂಡವು ಪ್ರವಾಸದ ಖರ್ಚಿಗಾಗಿ ದಾರಿಯುದ್ದಕ್ಕೂ ಪ್ರದರ್ಶನಪಂದ್ಯಗಳನ್ನಾಡಿ ಹಣ ಕೂಡಿಸಬೇಕಾಯಿತು. ಸ್ವಾತಂತ್ರ್ಯಾನಂತರ ರೇಲ್ವೆ, ಸೈನ್ಯ, ಪೋಲೀಸು, ವಿಮಾನ ಸಂಸ್ಥೆಗಳು, ತೈಲ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟು ಸಲಹಿದವು. ಸಂಬಳವು ನೌಕರಿಗೆ, ದೇಶಕ್ಕಾಗಿ ಆಡುವದು ಗೌರವಕ್ಕೆ. ನೌಕರಿ ಉಳ್ಳವನ ಊಟಕ್ಕೆ ಕೊರತೆಯಿಲ್ಲವಾದರೂ, ಆಟದಿಂದ ಬಂದ ಹಣದಲ್ಲಿ ಅವನಿಗೆ ಪಾಲೆಷ್ಟು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಕರ್ನಾಟಕದಲ್ಲಿ ಹಾಕಿಯೆಂದರೆ ಕೊಡಗು. ಅಲ್ಲಿ ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮನೆತನಗಳೇ ತಂಡಗಳಾಗಿ ಆಡುವವು. ಅಲ್ಲಿ ಕೂಲಿಯ ಮಾತಿಲ್ಲ, ಮನೆತನದ ಮಾನವೇ ಕೂಲಿ. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಮೊದಲಾದ ಪ್ರಸಿದ್ಧ ಆಟಗಾರರನ್ನು ಆ ನಾಡು ದೇಶಕ್ಕೆ ಕೊಟ್ಟಿದೆ. ಪ್ರೀತಿಗಾಗಿ ಆಡುವದು ಶ್ರೇಷ್ಠವೇ ಸರಿ. ಆದರೆ ಸಾವಿರಾರು ಜನರು ಟಿಕೀಟು ಕೊಂಡು ನೋಡುವ, ಪ್ರಾಯೋಜಕರು ಕೋಟಿಗಟ್ಟಲೆ ಹಣ ಹೂಡುವ ಆಟದಲ್ಲಿ ಉಳಿದವರೆಲ್ಲರೂ ಹಣಕ್ಕಾಗಿ ದುಡಿಯುವಾಗ, ಆಟಗಾರನೊಬ್ಬನೇ ಪ್ರೀತಿಗಾಗಿ ದುಡಿಯಲೆಂಬುದು ನ್ಯಾಯವೆನಿಸಲಾರದು.

ಈ ಅನ್ಯಾಯವು ಮೊದಲು ಬಹಿರಂಗವಾಗಿ ಕಂಡದ್ದು ೧೯೯೮ರಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಧನರಾಜ ಪಿಳ್ಳೆಯವರ ನಾಯಕತ್ವದಲ್ಲಿ ಭಾರತವು ಬ್ಯಾಂಕಾಕಿನ ಏಶಿಯನ್ ಕ್ರೀಡಾಕೂಟದಲ್ಲಿ ಸುವರ್ಣಪದಕವನ್ನು ಗೆದ್ದಿತು. ೧೯೬೬ರ ನಂತರ ಹಾಕಿಯಲ್ಲಿ ಆ ಪದಕವು ಭಾರತಕ್ಕೆ ಬಂದದ್ದು ಅದೇ ಮೊದಲು. ದಕ್ಷಿಣ ಕೊರಿಯಾದೊಡನೆ ನಡೆದ ಅಂತಿಮ ಪಂದ್ಯದ ಟೈಬ್ರೇಕರಿನಲ್ಲಿ ಗೋಲನ್ನು ಕಾದು ಗೆಲುವನ್ನು ತಂದವರು ಬೆಂಗಳೂರಿನ ಆಶಿಶ್ ಬಲ್ಲಾಳರು. ಮೆರವಣಿಗೆಗಳು ಮುಗಿಯುವದರೊಳಗಾಗಿ ಪಿಳ್ಳೆ, ಬಲ್ಲಾಳ ಮೊದಲಾದ ಹಿರಿಯ ಆಟಗಾರರನ್ನು ಮುಂದಿನ ತಂಡದಿಂದ ಕೈಬಿಡಲಾಯಿತು. ಅವರಿಗೆ ವಿಶ್ರಾಂತಿ ಕೊಟ್ಟಿದೆಯೆಂದು ಅಧಿಕಾರಿಗಳು ಹೇಳಿದರು. ಭತ್ಯ ಮತ್ತು ಸೌಕರ್ಯಗಳ ವಿಷಯದಲ್ಲಿ ಬಾಯಿ ತೆರೆದುದಕ್ಕೆ ದೊರೆತ ಶಿಕ್ಷೆಯಿದೆಂಬ ಭಾವನೆಯು ದೇಶದಲ್ಲೆಲ್ಲ ಹರಡಿತು. ಕರಾರು ಇಲ್ಲದ ಕಡೆಯಲ್ಲಿ ಆಟಗಾರನನ್ನು ಶಿಕ್ಷಿಸಲು ದಂಡವನ್ನೂ ವಿಧಿಸಬೇಕಾಗಿಲ್ಲ. ತಂಡದ ಪಟ್ಟಿಯಲ್ಲಿ ಹೆಸರನ್ನು ಬರೆಯದಿದ್ದರೆ ಸಾಕು.

೨೦೦೮ರಲ್ಲಿ ಭಾರತದ ಹಾಕಿಗೆ ಎರಡು ಪೆಟ್ಟುಗಳು ಬಿದ್ದವು. ಮಾರ್ಚಿಯಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ಬ್ರಿಟನ್ನಿಗೆ ಸೋತು, ಪುರುಷರ ತಂಡವು ಬೀಜಿಂಗ್ ಒಲಿಂಪಿಕ್ಕಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಏಪ್ರಿಲಿನಲ್ಲಿ ಆಯ್ಕೆಗಾಗಿ ಲಂಚ ತೆಗೆದುಕೊಂಡ ಆರೋಪವೊಂದು ದೂರದರ್ಶಕ ವಾಹಿನಿಯಲ್ಲಿ ಬಯಲಿಗೆ ಬಂದು ಹಳೆಯ ಹಾಕಿ ಫೆಡರೇಶನ್ನು ಅಮಾನತುಗೊಂಡಿತು. ೨೦೦೯ರಲ್ಲಿ 'ಹಾಕಿ ಇಂಡಿಯಾ' ಎಂಬ ಹೊಸ ಸಂಸ್ಥೆಯು ಹುಟ್ಟಿತು. ಅದರ ಬೊಕ್ಕಸವೂ ಹೊಸದು, ಅಧಿಕಾರವೂ ಇನ್ನೂ ನೆಲೆಗೊಳ್ಳದ್ದು. ಹೀಗಿರುವಾಗ ೨೦೧೦ರ ಫೆಬ್ರುವರಿ ೨೮ರಿಂದ ದಿಲ್ಲಿಯಲ್ಲಿ ವಿಶ್ವಕಪ್ಪು ನಡೆಯಬೇಕಾಗಿದ್ದಿತು. ಅದಕ್ಕಾಗಿ ಜನವರಿಯಲ್ಲಿ ೨೨ ಜನ ಆಟಗಾರರು ಪುಣೆಯ ಬಾಲೇವಾಡಿಯ ಕ್ರೀಡಾಂಗಣದಲ್ಲಿ ಅಭ್ಯಾಸಕ್ಕೆ ಸೇರಿದ್ದರು. ರಾಜಪಾಲ ಸಿಂಗರು ನಾಯಕರು. ಸ್ಪೇನ್ ದೇಶದ ಹೋಸೆ ಬ್ರಾಸಾ ಎಂಬವರು ಶಿಕ್ಷಕರು. ೨೦೦೪ರ ಅಥೆನ್ಸ್ ಒಲಿಂಪಿಕ್ಕಿನಲ್ಲಿ ಆಡಿದ್ದ ಸೋಮವಾರಪೇಟೆಯ ಅರ್ಜುನ ಹಾಲಪ್ಪನವರು ಈ ತಂಡದ ಹಿರಿಯರಲ್ಲೊಬ್ಬರು.

ಹಿಂದಿನ ಸ್ಪರ್ಧೆಗಳ ಪ್ರೋತ್ಸಾಹಧನವು ಇನ್ನೂ ಕೈಸೇರಿಲ್ಲ, ಶ್ರೇಣಿಯಂತೆ ಸಂಭಾವನೆಯನ್ನು ಕೊಡುವ ಕ್ರಮವೂ ಜಾರಿಗೆ ಬಂದಿಲ್ಲವೆಂಬುದು ಆಟಗಾರರ ದೂರು. ಅದೇ ಹೊತ್ತಿಗೆ ಕ್ರಿಕೆಟ್ ಆಟಗಾರರಿಗೆ ವರ್ಷವರ್ಷವೂ ಶ್ರೇಣಿಗಳಂತೆ ಬರವಣಿಗೆಯ ಕರಾರು ಇದ್ದುದು ಅವರ ಕಣ್ಣಮುಂದೆಯೇ ಇತ್ತು. ಜನವರಿಯ ಎರಡನೆಯ ವಾರದಲ್ಲಿ ಅವರು ಅಭ್ಯಾಸವನ್ನು ನಿಲ್ಲಿಸಿದರು. ಹಾಕಿ ಇಂಡಿಯಾ ತಲೆಗೆ ೨೫,೦೦೦ ರೂಪಾಯಿಗಳನ್ನು ಕೊಡಲು ಮುಂದೆ ಬಂದಿತು, ಆಟಗಾರರು ಒಪ್ಪಲಿಲ್ಲ. ತಮಗೆ ಸಲ್ಲಬೇಕಾದದ್ದು ತಲೆಗೆ ಸುಮಾರು ನಾಲ್ಕೂವರೆ ಲಕ್ಷವೆಂದು ಅವರ ವಾದ. ಸಂಸ್ಥೆಯ ಅಧ್ಯಕ್ಷ ಎ. ಕೆ. ಮಟ್ಟೂ ಅವರು ೪೮ ಗಂಟೆಗಳ ಗಡುವು ಕೊಟ್ಟರು. ಗಡುವಿನೊಳಗೆ ಮರಳದಿದ್ದರೆ ಬೇರೆ ತಂಡವನ್ನು ಕಟ್ಟುವ ಮಾತು ಹೊರಟಿತು. ಆಟಗಾರರು ಕದಲಲಿಲ್ಲ. ಶಿಕ್ಷಕ ಬ್ರಾಸಾ ಅವರ ಸಹಾನುಭೂತಿಯೂ ಆಟಗಾರರ ಕಡೆಗೇ ಇದ್ದಿತು.

ದೇಶದಲ್ಲಿ ಗದ್ದಲವೆದ್ದಿತು. 'ವಿಶ್ವಕಪ್ಪು ಹೊಸ್ತಿಲಲ್ಲಿರುವಾಗ ಹಣ ಕೇಳುವದು ದೇಶಭಕ್ತಿಯೆ?' ಎಂದು ಕೆಲವರೆಂದರು. 'ಕೈಯಿಂದ ಹಣ ಹಾಕಿ ದೇಶಕ್ಕಾಗಿ ಆಡಬೇಕೆ?' ಎಂದು ಹಲವರು ಮರುನುಡಿದರು. ಹಿಂದಿನ ಹಿರಿಯ ಆಟಗಾರರು, ರಾಜಕಾರಣಿಗಳು, ಸಿನೆಮಾದವರು ಆಟಗಾರರ ಪಕ್ಷವನ್ನು ವಹಿಸಿದರು. ಕಡೆಗೆ ಪ್ರಾಯೋಜಕ ಸಂಸ್ಥೆಯಾದ ಸಹಾರಾ ಒಂದು ಕೋಟಿ ರೂಪಾಯಿಗಳನ್ನು ಕೊಡಲು ಮುಂದೆ ಬಂದಿತು. ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷ ಸುರೇಶ ಕಲ್ಮಾಡಿಯವರು ಮಧ್ಯೆ ಪ್ರವೇಶಿಸಿದರು. ಆಟಗಾರರು ಕೆಲವೇ ದಿನಗಳಲ್ಲಿ ಬಯಲಿಗೆ ಮರಳಿದರು. ಇಲ್ಲಿ ಒಂದು ಸಣ್ಣ ಗಣಿತವನ್ನು ಮಾಡಿನೋಡುವದು ಉಚಿತ. ೨೨ ಜನರಿಗೆ ೨೫,೦೦೦ದಂತೆ ಕೂಡಿದರೆ ಐದೂವರೆ ಲಕ್ಷವಾಗುವದು. ನಾಲ್ಕೂವರೆ ಲಕ್ಷದಂತೆ ಕೂಡಿದರೆ ೯೯ ಲಕ್ಷವಾಗುವದು. ಎಂದರೆ ಕೊನೆಯಲ್ಲಿ ಹೊರಟ ಮೊತ್ತವು ಆಟಗಾರರು ಮೊದಲೇ ಕೇಳಿದ ಮೊತ್ತಕ್ಕೆ ಸರಿಸುಮಾರು ಸಮನಾಗಿದ್ದಿತು. ಬೇಡಿಕೆಯು ಹೊರಲಾರದ ಭಾರವಾಗಿರಲಿಲ್ಲವೆಂಬುದು ಇದರಿಂದ ಸಿದ್ಧವಾಗುವದು. ಆದರೆ ಅದು ಬಂದ ಬಗೆಯನ್ನು ವಾಚಕರು ಲಕ್ಷಿಸಬೇಕು. ಅದು ಹಕ್ಕಾಗಿ ಬರಲಿಲ್ಲ, ಔದಾರ್ಯವಾಗಿ ಬಂದಿತು. ಋಣವನ್ನು ತೀರಿಸಿದವನಿಗೆ ಲೋಕವು ದಾನಿಯೆಂದು ಕೈಮುಗಿಯಿತು. ಋಣ ಬಾಕಿಯಿದ್ದವನು ಮಾತ್ರ ಬೇಡುವವನಂತೆ ಕಂಡನು.

ಭೋಪಾಳದಲ್ಲಿ ಅಭ್ಯಾಸ ನಡೆಸುತ್ತಿದ್ದ ಮಹಿಳಾ ತಂಡದ ಸ್ಥಿತಿಯು ಇದಕ್ಕಿಂತ ಹೀನವಾಗಿತ್ತು. ನಾಯಕಿ ಸುರಿಂದರ್ ಕೌರ್ ಮತ್ತು ಸಂಗಡಿಗರು ಅಭ್ಯಾಸವನ್ನು ನಿಲ್ಲಿಸದೆ, ಕಪ್ಪು ಪಟ್ಟಿಯನ್ನು ಕಟ್ಟಿಕೊಂಡು ಆಡಿದರು. ಬ್ಯಾಂಕಿನಲ್ಲಿ ಖಾತೆ ತೆರೆದು ಜನರ ಸಹಾಯವನ್ನು ಕೋರಿದರು. ಪುರುಷರಿಗೆ ವಿಶ್ವಕಪ್ಪಿನ ಸಂದರ್ಭವು ಕೈಗೆ ಬಲವಾಗಿದ್ದಿತು. ಈ ಹೆಣ್ಣುಮಕ್ಕಳ ಕೈಯಲ್ಲಿ ಅಂಥ ಬಲವಿರಲಿಲ್ಲ. ಯಾರು ಆಡದಿದ್ದರೆ ನಷ್ಟವು ಹೆಚ್ಚೋ ಅವರ ಕೂಗು ಬೇಗ ಕೇಳಿಸುವದು. ಉಳಿದವರ ನ್ಯಾಯವು ಅಷ್ಟೇ ದೊಡ್ಡದಾಗಿದ್ದರೂ ಬಾಗಿಲಲ್ಲಿಯೇ ನಿಲ್ಲುವದು. ಮುಷ್ಕರವೊಂದನ್ನೇ ನ್ಯಾಯಕ್ಕೆ ದಾರಿಯಾಗಿ ಬಿಟ್ಟರೆ ಉಂಟಾಗುವ ದೋಷವಿದು.

ಫೆಬ್ರುವರಿ ೨೮ರಂದು ಅದೇ ತಂಡವು ದಿಲ್ಲಿಯ ಧ್ಯಾನಚಂದ ಕ್ರೀಡಾಂಗಣದಲ್ಲಿ ಪಾಕಿಸ್ತಾನವನ್ನು ೪-೧ರಿಂದ ಸೋಲಿಸಿತು. ಹಣ ಕೇಳಿದವರಲ್ಲಿ ಅಭಿಮಾನವಿಲ್ಲವೆಂದವರಿಗೆ ಅಂದಿನ ಸಂಜೆ ಉತ್ತರ ದೊರೆಯಿತು. ಮುಂದಿನ ಪಂದ್ಯಗಳಲ್ಲಿ ಈ ಉತ್ಸಾಹವು ಉಳಿಯದೆ ತಂಡವು ಹನ್ನೆರಡರಲ್ಲಿ ಎಂಟನೆಯದಾಯಿತು.

ಪುಣೆಯ ಪ್ರಕರಣದ ಬಳಿಕ ಹಾಕಿಯನ್ನು ಲಾಭದ ಉದ್ಯಮವಾಗಿ ನಡೆಸುವ ಯತ್ನಗಳು ಚುರುಕಾದವು. ೨೦೦೫ರಲ್ಲಿ ಹುಟ್ಟಿದ ಪ್ರೀಮಿಯರ್ ಹಾಕಿ ಲೀಗು ೨೦೦೮ಕ್ಕೆ ನಿಂತುಹೋಗಿತ್ತು. ೨೦೧೨ರಲ್ಲಿ ಹಳೆಯ ಫೆಡರೇಶನ್ನೂ ನಿಂಬಸ್ ಎಂಬ ಕಂಪನಿಯೂ ಕೂಡಿ 'ವರ್ಲ್ಡ್ ಸೀರೀಸ್ ಹಾಕಿ'ಯನ್ನು ನಡೆಸಿದವು. ಎಂಟು ತಂಡಗಳಲ್ಲಿ ಬೆಂಗಳೂರಿನ 'ಕರ್ನಾಟಕ ಲಯನ್ಸ್' ಒಂದು. ಅದಕ್ಕೆ ಹಾಲಪ್ಪನವರೇ ನಾಯಕರು. ಹಾಕಿ ಇಂಡಿಯಾ ಈ ಸ್ಪರ್ಧೆಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಆದುದರಿಂದ ಇದರಲ್ಲಿ ಆಡುವವರು ರಾಷ್ಟ್ರತಂಡದ ಆಸೆಯನ್ನು ಬದಿಗಿಡಬೇಕಾಗುತ್ತಿತ್ತು. ಇಷ್ಟು ಬೆಲೆ ತೆತ್ತು ಆಡಿದವರಿಗೆ ಆದ ಲಾಭವೇನು? ಪಂದ್ಯಗಳು ಏಪ್ರಿಲ್ ೨ಕ್ಕೆ ಮುಗಿದವು; ಕರಾರಿನ ಪೂರ್ತಿ ಹಣವು ಬರಲಿಲ್ಲವೆಂದು ಅನೇಕ ಆಟಗಾರರು ಬಹಿರಂಗವಾಗಿ ದೂರಿದರು; ಎರಡನೆಯ ವರ್ಷದ ಸ್ಪರ್ಧೆಯು ಮುಂದೆ ಹೋಗಿ ಹೋಗಿ ಕಡೆಗೆ ನಡೆಯಲೇ ಇಲ್ಲ. ಪುಣೆಯಲ್ಲಿ ಕರಾರೇ ಇರಲಿಲ್ಲ. ಇಲ್ಲಿ ಕರಾರು ಇತ್ತು. ಅದನ್ನು ಪಾಲಿಸುವಂತೆ ಮಾಡುವ ಬಲವಿರಲಿಲ್ಲ.

೨೦೧೩ರಲ್ಲಿ ಹಾಕಿ ಇಂಡಿಯಾ ತನ್ನದೇ ಆದ ಲೀಗನ್ನು ಆರಂಭಿಸಿತು. ಅದಕ್ಕಾಗಿ ನಡೆದ ಹರಾಜಿನಲ್ಲಿ ಸರ್ದಾರ ಸಿಂಗರು ೭೮,೦೦೦ ಡಾಲರಿಗೂ, ಕೊಡಗಿನ ವಿ. ಆರ್. ರಘುನಾಥರು ೭೬,೦೦೦ ಡಾಲರಿಗೂ ಏರಿದರು. ೨೫,೦೦೦ ರೂಪಾಯಿಗಳ ಚೌಕಾಸಿ ನಡೆದು ಮೂರೇ ವರ್ಷಗಳಾಗಿದ್ದವು! ಆದರೆ ಆ ಲೀಗೂ ೨೦೧೭ರ ಬಳಿಕ ನಿಂತು, ೨೦೨೪ರ ಡಿಸೆಂಬರಿನಲ್ಲಿಯೇ ಮತ್ತೆ ಆರಂಭವಾಯಿತು. ನಡುವಣ ಏಳು ವರ್ಷಗಳು ಎಷ್ಟೋ ಆಟಗಾರರ ಸುಗ್ಗಿಯ ಕಾಲವನ್ನೇ ನುಂಗಿದವು. ಪುನರಾರಂಭದ ಹರಾಜಿನಲ್ಲಿ ಹರ್ಮನ್‌ಪ್ರೀತ ಸಿಂಗರಿಗೆ ೭೮ ಲಕ್ಷ ರೂಪಾಯಿಗಳು ಸಂದವು. ಮೊದಲ ಸಲ ನಡೆದ ಮಹಿಳೆಯರ ಹರಾಜಿನಲ್ಲಿ ಉದಿತಾ ಅವರಿಗೆ ೩೨ ಲಕ್ಷವು ಸಂದಿತು. ಭೋಪಾಳದ ಕಪ್ಪು ಪಟ್ಟಿಗಳನ್ನು ನೆನೆದರೆ ಇದು ಸಣ್ಣ ದೂರವಲ್ಲ. ಆದರೂ ಹರಾಜಿನ ಕೂಗು ಕೆಲವೇ ಜನರ ಕಿವಿಗೆ ಇಂಪಾಗಿರುವದು. ತಂಡದ ಕೊನೆಯ ಸಾಲಿನವನಿಗೆ ಬೇಕಾದದ್ದು ದೊಡ್ಡ ದರವಲ್ಲ. ಹೇಳಿದ ದಿನಕ್ಕೆ ಹೇಳಿದ ಹಣ.

ಈ ಇತಿವೃತ್ತದಿಂದ ನಿಷ್ಪನ್ನವಾಗುವದೇನು? ಹ್ಯಾಮಿಲ್ಟನ್ನಿನಿಂದ ಪುಣೆಯ ವರೆಗಿನ ವ್ಯಾಜ್ಯಗಳಲ್ಲಿ ಆಟಗಾರರ ಲೋಭವು ಎಲ್ಲಿಯೂ ಇರಲಿಲ್ಲವೆಂದು ಹೇಳಲಾಗದು. ಯಾಶಿನನ ಪ್ರಕರಣವೇ ಅದಕ್ಕೆ ಸಾಕ್ಷಿ. ಆದರೆ ಜಗಳವು ಹಟಕ್ಕೆ ಬಿದ್ದ ಎಡೆಗಳಲ್ಲೆಲ್ಲ ಮೂರರಲ್ಲಿ ಒಂದು ಕೊರತೆ ಕಂಡುಬರುವದು: ಸ್ಪಷ್ಟವಾದ ಕರಾರು ಇರಲಿಲ್ಲ, ಇಲ್ಲವೆ ಅದು ಒಬ್ಬರನ್ನಷ್ಟೇ ಕಟ್ಟುತ್ತಿತ್ತು, ಇಲ್ಲವೆ ತಪ್ಪಿದಾಗ ನಿರ್ಣಯಿಸುವ ಮಧ್ಯಸ್ಥನಿರಲಿಲ್ಲ. ಕರಾರು ಮಾಡಿಕೊಂಡು, ಸಂಬಳವನ್ನು ಪಡೆದು ಆಡದವನಿಗೆ ದಂಡವಿರಲಿ. ಶಾಸ್ತ್ರವೂ ಅದನ್ನು ಒಪ್ಪುವದು. ಆದರೆ ಸಂಬಳವನ್ನು ತಡೆಹಿಡಿದ ಒಡೆಯನು ದೇಶಭಕ್ತಿಯ ಹೆಸರಿನಲ್ಲಿ ದಂಡದಿಂದ ತಪ್ಪಿಸಿಕೊಳ್ಳುವದನ್ನು ಯಾವ ಸ್ಮೃತಿಯೂ ಒಪ್ಪಿಲ್ಲ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಶಾಲೆಯ ಬಯಲುಗಳಿಂದಲೂ ಕಬಡ್ಡಿ, ಕುಸ್ತಿ, ಓಟ, ಹಾಕಿಗಳೆಂದು ಹೊರಡುವ ಮಕ್ಕಳಿದ್ದಾರೆ. ಮಗನೋ ಮಗಳೋ ಆಟವನ್ನೇ ವೃತ್ತಿಯಾಗಿ ಹಿಡಿಯುವೆನೆಂದಾಗ, 'ಆಟದಿಂದ ಹೊಟ್ಟೆ ತುಂಬೀತೆ?' ಎಂದು ಹಿರಿಯರು ಕೇಳುವದು ಸಹಜ. ಅದರ ಸಂಗಡ ಇನ್ನೂ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಕರಾರಿಗೆ ಸಹಿ ಹಾಕಿದವರಾರು? ಹಣವು ಯಾವ ದಿನ ಕೈಸೇರುವದು? ಸೇರದಿದ್ದರೆ ಯಾರ ಮುಂದೆ ನಿಲ್ಲಬೇಕು? ಬೀಜದ ಕಂಪನಿಯ ಕರಾರಿಗೆ ಹೆಬ್ಬೆಟ್ಟು ಒತ್ತುವ ಮೊದಲು ಒಕ್ಕಲಿಗನು ಕೇಳುವ ಪ್ರಶ್ನೆಗಳೂ ಇವೇ.